ಬ್ಯಾಕ್ಟೀರಿಯಾ ಪ್ರೋಟೀನಿನ ಎನ್‌ಎಂಆರ್ ರೋಹಿತದಲ್ಲಿ ಶಿಖರಗಳು ಅಗಲವಾಗುವುದೇಕೆ?

ಪ್ರಶ್ನೆ: ನೈಟ್ರೋಜನ್-15 (ನೈಟ್ರೋಜನ್‌ನ ಭಾರವಾದ ಐಸೋಟೋಪ್) ಸೇರಿಸಿ ತಯಾರಿಸಿದ, ಸುಮಾರು 40 ಕಿಲೋಡಾಲ್ಟನ್ ತೂಕದ ಬ್ಯಾಕ್ಟೀರಿಯಾ ಪ್ರೋಟೀನೊಂದರ ಎಚ್‌ಎಸ್‌ಕ್ಯೂಸಿ ರೋಹಿತದಲ್ಲಿ (ಕಾಂತಕ್ಷೇತ್ರದಲ್ಲಿ ಪರಮಾಣು ಕೇಂದ್ರಗಳ ಸಂಕೇತ ಅಳೆಯುವ ಎನ್‌ಎಂಆರ್ ವಿಧಾನದಲ್ಲಿ, ನೈಟ್ರೋಜನ್-ಹೈಡ್ರೋಜನ್ ಜೋಡಿಗೊಂದು ಶಿಖರ ತೋರುವ ರೋಹಿತ) ಶಿಖರಗಳು ಅಗಲವಾಗಿ ಒಂದರ ಮೇಲೊಂದು ಬಿದ್ದಿವೆ. ಇದರಿಂದ ರಚನೆಯನ್ನು ತಿಳಿಯಲು ಸಾಧ್ಯವೇ?

ಉತ್ತರ: ಅಣು ದೊಡ್ಡದಾದಷ್ಟೂ ದ್ರಾವಣದಲ್ಲಿ ನಿಧಾನವಾಗಿ ಉರುಳುವುದರಿಂದ ಸಂಕೇತವು ಬೇಗ ಕ್ಷೀಣಿಸಿ ಶಿಖರ ಅಗಲವಾಗುತ್ತದೆ. ಬ್ಯಾಕ್ಟೀರಿಯಾವನ್ನು ಭಾರಜಲದಲ್ಲಿ (ಹೈಡ್ರೋಜನ್ ಬದಲು ಅದರ ಭಾರವಾದ ರೂಪ ಡ್ಯೂಟೀರಿಯಂ ಇರುವ ನೀರಿನಲ್ಲಿ) ಬೆಳೆಸಿ, ಕುರ್ಟ್ ವ್ಯೂಟ್ರಿಕ್ ಅವರ ತಂಡ 1997ರಲ್ಲಿ ಪ್ರಕಟಿಸಿದ, ದೊಡ್ಡ ಅಣುಗಳ ಸಂಕೇತ ಬೇಗ ಕ್ಷೀಣಿಸದಂತೆ ಮಾಡುವ ಟ್ರೋಸಿ ಎಂಬ ಎನ್‌ಎಂಆರ್ ವಿಧಾನವನ್ನು ಬಳಸಿದರೆ ಸ್ಪಷ್ಟತೆ ಬಹಳ ಹೆಚ್ಚುತ್ತದೆ. ಆದರೆ ಒಳಗೆ ಹುದುಗಿದ ಅಮೈಡ್‌ಗಳ (ಪ್ರೋಟೀನ್ ಸರಪಳಿಯ ನೈಟ್ರೋಜನ್-ಹೈಡ್ರೋಜನ್ ಗುಂಪುಗಳ) ಡ್ಯೂಟೀರಿಯಂ ಸಾಮಾನ್ಯ ನೀರಿನಲ್ಲಿಯೂ ಸುಲಭವಾಗಿ ಹೈಡ್ರೋಜನ್‌ಗೆ ಬದಲಾಗದು, ಆಗ ಅವುಗಳ ಶಿಖರ ಕಾಣದು; ಕೆಲವೊಮ್ಮೆ ಪ್ರೋಟೀನನ್ನು ಬಿಡಿಸಿ ಮತ್ತೆ ಮಡಿಸಬೇಕಾಗುತ್ತದೆ.

ಮತ್ತೊಂದು ಉತ್ತರ: ದುಬಾರಿ ಭಾರಜಲಕ್ಕೆ ಕೈ ಹಾಕುವ ಮುನ್ನ ಮಾದರಿಯನ್ನು ತೆಳುಗೊಳಿಸಿ ಮತ್ತೊಮ್ಮೆ ರೋಹಿತ ತೆಗೆಯಿರಿ. ಶಿಖರಗಳು ಕಿರಿದಾದರೆ, ಪ್ರೋಟೀನ್ ಅಣುಗಳು ಗುಂಪುಗೂಡುತ್ತಿರುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ ಕೇಳಿದವರು: ಧನ್ಯವಾದಗಳು, ಮೊದಲು ಸಾಂದ್ರತೆಯನ್ನು ಇಳಿಸಿ ನೋಡುತ್ತೇನೆ.