ಕಳುಹಿಸಿದ ಇಮೇಲನ್ನು ಎಲ್ಲಿಯವರೆಗೆ ಹಿಂಪಡೆಯಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ (ಸಿಬ್ಬಂದಿ ವಿಭಾಗ, ಮಧ್ಯಮ ಗಾತ್ರದ ಸಂಸ್ಥೆ):
ನಾವು ಮೈಕ್ರೋಸಾಫ್ಟ್ 365ರ ಔಟ್‌ಲುಕ್ ಬಳಸುತ್ತೇವೆ. ಆಡಿಟರಿಗೆ ಹೋಗಬೇಕಿದ್ದ ಸಂಬಳದ ಎಕ್ಸೆಲ್ ಕಡತವನ್ನು ಲೆಕ್ಕಪತ್ರ ವಿಭಾಗದವರೊಬ್ಬರು ನಿನ್ನೆ ಸಂಜೆ ಹಳೆಯ ಸಂಭಾಷಣೆಯೊಂದಕ್ಕೆ ‘ರಿಪ್ಲೈ ಆಲ್’ ಒತ್ತಿ ಕಳುಹಿಸಿದ್ದಾರೆ. ಅದರಲ್ಲಿ ನಮ್ಮ ಸಿಬ್ಬಂದಿಯಲ್ಲದೆ ಹೊರಗಿನ ಇಬ್ಬರು ಗುತ್ತಿಗೆದಾರರೂ, ಒಬ್ಬ ಸಲಹೆಗಾರರ ಸ್ವಂತ ಜಿಮೇಲ್ ವಿಳಾಸವೂ ಇದ್ದವು. ಕೂಡಲೇ ‘ರೀಕಾಲ್’ (ಕಳುಹಿಸಿದ ಮೇಲನ್ನು ಹಿಂಪಡೆಯುವ ಔಟ್‌ಲುಕ್ ಸೌಲಭ್ಯ) ಮಾಡಲಾಗಿದೆ. ವರದಿಯಲ್ಲಿ ನಮ್ಮವರ ಹೆಸರುಗಳ ಮುಂದೆ ಯಶಸ್ವಿ ಎಂದು ಬಂದಿದೆ. ಹೊರಗಿನ ಮೂವರ ವಿಷಯದಲ್ಲಿ ಏನಾಗಿದೆ, ಮುಂದೆ ಏನು ಮಾಡಬೇಕು?

ಉತ್ತರ (ಐಟಿ ನಿರ್ವಹಣೆ, ಹುಬ್ಬಳ್ಳಿ):
ಮೇಡಂ, ಹೊರಗಿನ ಮೂವರ ಪೆಟ್ಟಿಗೆಯಲ್ಲಿ ಆ ಮೇಲ್ ಇದೆ ಎಂದೇ ತಿಳಿದು ಮುಂದುವರಿಯಿರಿ. ರೀಕಾಲ್ ನಡೆಯುವುದು ಒಂದೇ ಸಂಸ್ಥೆಯ ಮೇಲ್ ವ್ಯವಸ್ಥೆಯ ಒಳಗೆ ಮಾತ್ರ. ಇದು ಔಟ್‌ಲುಕ್‌ನ ಕೊರತೆಯಲ್ಲ, ಇಮೇಲ್ ಸಾಗುವ ವಿಧಾನವೇ ಹಾಗಿದೆ. ಸರ್ವರ್‌ಗಳು ಪರಸ್ಪರ ಮೇಲ್ ಒಪ್ಪಿಸುವ ಎಸ್‌ಎಂಟಿಪಿ ನಿಯಮಾವಳಿ 1982ರಲ್ಲಿ ಆರ್‌ಎಫ್‌ಸಿ ಎಂಬ ಅಂತರ್ಜಾಲ ನಿಯಮಗಳ ದಾಖಲೆ ಸರಣಿಯಲ್ಲಿ ಆರ್‌ಎಫ್‌ಸಿ 821 ಎಂದು ಪ್ರಕಟವಾಯಿತು, 2008ರಲ್ಲಿ ಆರ್‌ಎಫ್‌ಸಿ 5321 ಎಂದು ಪರಿಷ್ಕರಣೆಗೊಂಡಿತು. ಪತ್ರದ ಪಠ್ಯವನ್ನೆಲ್ಲ ಪಡೆದ ಮೇಲೆ ಎದುರಿನ ಸರ್ವರ್ 250 ಎಂಬ ಸಂಕೇತ ಹಿಂತಿರುಗಿಸಿತೆಂದರೆ ಅಲ್ಲಿಂದ ಮುಂದಿನ ಹೊಣೆ ಅದರದು. ಕೊಟ್ಟದ್ದನ್ನು ಮರಳಿ ಕೇಳುವ ಆದೇಶವೇ ಆ ನಿಯಮಾವಳಿಯಲ್ಲಿ ಇಲ್ಲ.

ನಿಮ್ಮವರ ಹೆಸರುಗಳ ಮುಂದೆ ಯಶಸ್ವಿ ಎಂದು ಬಂದಿರುವುದಕ್ಕೂ ಕಾರಣ ಹೇಳುತ್ತೇನೆ, ಏಕೆಂದರೆ ಇದರ ಬಗ್ಗೆ ಕಚೇರಿಗಳಲ್ಲಿ ಓಡಾಡುವ ಮಾತುಗಳಲ್ಲಿ ಅರ್ಧದಷ್ಟು ಹಳೆಯ ಕಾಲದವು. ಹಿಂದೆ ರೀಕಾಲ್‌ನ ಕೆಲಸವನ್ನು ಮಾಡುತ್ತಿದ್ದುದು ಪಡೆದವರ ಗಣಕದಲ್ಲಿದ್ದ ಔಟ್‌ಲುಕ್. ಆ ತಂತ್ರಾಂಶ ತೆರೆದಿರಬೇಕಿತ್ತು, ಮೇಲ್ ಓದದೆ ಉಳಿದಿರಬೇಕಿತ್ತು, ಇನ್‌ಬಾಕ್ಸ್‌ನಿಂದ ಬೇರೆ ಫೋಲ್ಡರ್‌ಗೆ ಸರಿದಿರಬಾರದಿತ್ತು. ಫೋನಿನಲ್ಲಿ ನೋಡಿದರೆ ಮುಗಿಯಿತು. ಹೊರಗಿನವರಿಗಂತೂ ‘ಇಂಥವರು ಈ ಸಂದೇಶವನ್ನು ಹಿಂಪಡೆಯಲು ಬಯಸುತ್ತಾರೆ’ ಎಂಬ ಎರಡನೆಯ ಮೇಲ್ ತಲುಪುತ್ತಿತ್ತು, ಮೊದಲನೆಯದನ್ನು ಗಮನಿಸದವರೂ ಹುಡುಕಿ ಓದುವಂತೆ ಮಾಡುತ್ತಿತ್ತು. 2023ರಲ್ಲಿ ಮೈಕ್ರೋಸಾಫ್ಟ್ 365ರ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ಗೆ ಬಂದ ಹೊಸ ರೀಕಾಲ್ ಕ್ಲೌಡ್‌ನಲ್ಲಿರುವ ಅಂಚೆಪೆಟ್ಟಿಗೆಯಿಂದಲೇ ಮೇಲನ್ನು ತೆಗೆಯುತ್ತದೆ. ನಿರ್ವಾಹಕರು ಬದಲಿಸದಿದ್ದರೆ ಓದಿದ ಮೇಲ್ ಕೂಡ ಹೋಗುತ್ತದೆ.

ಆದರೆ ಆ ‘ಯಶಸ್ವಿ’ ಎಂಬುದಕ್ಕೆ ಈಗ ಪೆಟ್ಟಿಗೆಯಲ್ಲಿ ಆ ಪ್ರತಿ ಇಲ್ಲ ಎಂಬಷ್ಟೇ ಅರ್ಥ. ನಡುವಿನ ನಿಮಿಷಗಳಲ್ಲಿ ಯಾರಾದರೂ ತೆರೆದು ನೋಡಿರಬಹುದು, ಕಡತವನ್ನು ಗಣಕಕ್ಕೆ ಇಳಿಸಿಕೊಂಡಿರಬಹುದು, ಬೇರೊಬ್ಬರಿಗೆ ಫಾರ್ವರ್ಡ್ ಮಾಡಿರಬಹುದು. ಫಾರ್ವರ್ಡ್ ಆದದ್ದು ಹೊಸ ಮೇಲ್, ರೀಕಾಲ್ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಒಳಗಿನವರಿಗೂ ಒಂದು ಸ್ಪಷ್ಟ ಸೂಚನೆ ಹೋಗಲಿ.

ಉತ್ತರ (ಶಾಲಾ ಆಡಳಿತ, ಮಂಗಳೂರು):
ನಮ್ಮಲ್ಲಿ ಜಿಮೇಲ್ ಇರುವುದರಿಂದ ಆ ಕಡೆಯ ಮಾತು ಸೇರಿಸುತ್ತೇನೆ. ಜಿಮೇಲ್‌ನ ‘ಅನ್‌ಡೂ ಸೆಂಡ್’ 2009ರಲ್ಲಿ ಪ್ರಾಯೋಗಿಕವಾಗಿ ಬಂದು 2015ರಲ್ಲಿ ಎಲ್ಲರಿಗೂ ಅಧಿಕೃತವಾಗಿ ದೊರೆಯಿತು. ಅದು ಹಿಂಪಡೆಯುವುದಲ್ಲ, ತಡೆದು ಕಳುಹಿಸುವುದು; ನಾವು ಆರಿಸಿಕೊಂಡ 5, 10, 20 ಅಥವಾ 30 ಸೆಕೆಂಡುಗಳವರೆಗೆ ಲಕೋಟೆ ನಮ್ಮ ಕೈಯಲ್ಲೇ ಇರುತ್ತದೆ. ಮೊದಲಿಗೆ 5 ಸೆಕೆಂಡು ಇರುತ್ತದೆ, ಅದನ್ನು 30ಕ್ಕೆ ಏರಿಸಿಕೊಳ್ಳದವರೇ ಹೆಚ್ಚು ಎಂದು ಕಂಡಿದ್ದೇನೆ. ಆಪಲ್ ಮೇಲ್‌ನಲ್ಲೂ 2022ರಿಂದ 30 ಸೆಕೆಂಡುಗಳವರೆಗಿನ ಇಂಥದೇ ಸೌಲಭ್ಯವಿದೆ. ನಿಮ್ಮ ಕ್ಲಾಸಿಕ್ ಔಟ್‌ಲುಕ್‌ನಲ್ಲಾದರೆ ರೂಲ್ಸ್‌ಗೆ ಹೋಗಿ, ಕಳುಹಿಸುವ ಪ್ರತಿಯೊಂದು ಮೇಲನ್ನೂ ಗರಿಷ್ಠ 120 ನಿಮಿಷಗಳವರೆಗೆ ತಡೆದಿಡುವಂತೆ ಮಾಡಬಹುದು. ಸಂಬಳದ ಕಡತ ಕಳುಹಿಸುವ ಮೇಜಿನಲ್ಲಿ ಎರಡು ನಿಮಿಷದ ತಡೆ ಇದ್ದರೆ ಸಾಕು. ಹೆಚ್ಚಿಟ್ಟರೆ ಜನ ಬೇಸತ್ತು ನಿಯಮವನ್ನೇ ತೆಗೆದುಹಾಕುತ್ತಾರೆ.

ಉತ್ತರ (ವಕೀಲರು, ಬೆಂಗಳೂರು):
ತಂತ್ರಜ್ಞಾನದ ಮಾತು ಮೇಲಿನವರು ಹೇಳಿದ್ದಾರೆ. ಕಾನೂನಿನ ನೋಟವೂ ಅದಕ್ಕಿಂತ ಬಹಳ ಬೇರೆಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮಿನ ಪ್ರಕಾರ, ಪಕ್ಷಕಾರರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ವಿದ್ಯುನ್ಮಾನ ದಾಖಲೆಯು ಕಳುಹಿಸಿದವರ ಹಿಡಿತದಾಚೆಯ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದಾಗಲೇ ಅದು ರವಾನೆಯಾದಂತೆ. ಸ್ವೀಕರಿಸುವವರು ಇಂಥ ವಿಳಾಸಕ್ಕೆಂದು ಗೊತ್ತುಪಡಿಸಿದ್ದರೆ, ಆ ವ್ಯವಸ್ಥೆಯನ್ನು ಹೊಕ್ಕಾಗ ಅದು ತಲುಪಿದಂತೆ. ಅವರು ತೆರೆದು ಓದಿದರೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಕೊಟೇಶನ್ ಅಥವಾ ಕರಾರಿನ ಪ್ರಸ್ತಾವನೆ ತಪ್ಪಿ ಹೋದಾಗ ರೀಕಾಲ್ ಒತ್ತಿ ಸುಮ್ಮನೆ ಕೂರುವವರನ್ನು ನೋಡಿದ್ದೇನೆ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಮಿನಂತೆ ಎದುರಿನವರು ಒಪ್ಪಿಗೆಯನ್ನು ರವಾನಿಸುವ ಮೊದಲು ಪ್ರಸ್ತಾವನೆಯನ್ನು ಹಿಂತೆಗೆದುಕೊಳ್ಳಬಹುದು, ಆದರೆ ಹಿಂತೆಗೆದುಕೊಂಡ ವಿಷಯ ಅವರಿಗೆ ತಿಳಿಯಬೇಕು. ಅದಕ್ಕೆ ಬೇಕಾದದ್ದು ‘ನಮ್ಮ ಇಂದಿನ ಪ್ರಸ್ತಾವನೆಯನ್ನು ಹಿಂತೆಗೆದುಕೊಂಡಿದ್ದೇವೆ’ ಎಂದು ನೇರವಾಗಿ ಹೇಳುವ ಇನ್ನೊಂದು ಪತ್ರ.

ನಿಮ್ಮದು ಸಿಬ್ಬಂದಿಯ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಅಚಾತುರ್ಯದಿಂದ ಹೊರಬಿದ್ದದ್ದೂ ಉಲ್ಲಂಘನೆಯೇ. ಅದನ್ನು ಆ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ತಿಳಿಸುವ ಹೊಣೆಯನ್ನು ಆ ಕಾಯ್ದೆ ಹೇಳುತ್ತದೆ. ಕಲಮುಗಳು ಹಂತಹಂತವಾಗಿ ಜಾರಿಗೆ ಬರುವಂಥವಾದ್ದರಿಂದ ನಿಮಗೆ ಇಂದು ಯಾವುದು ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ಕಾನೂನು ಸಲಹೆಗಾರರಿಂದ ಬರವಣಿಗೆಯಲ್ಲಿ ಪಡೆಯಿರಿ. ಅಷ್ಟರಲ್ಲಿ ಮೂಲ ಮೇಲ್, ರೀಕಾಲ್ ವರದಿ ಎರಡನ್ನೂ ಅಳಿಸದೆ ಕಾಪಾಡಿಕೊಳ್ಳಿ. ಗಾಬರಿಯಲ್ಲಿ ‘ಸೆಂಟ್’ ಫೋಲ್ಡರನ್ನೇ ಖಾಲಿ ಮಾಡುವವರಿದ್ದಾರೆ. ಮುಂದೆ ಸಂಸ್ಥೆ ಏನು ಮಾಡಿತು ಎಂದು ಯಾರಾದರೂ ಕೇಳಿದರೆ ತೋರಿಸಲು ಏನೂ ಉಳಿಯುವುದಿಲ್ಲ.

ಉತ್ತರ (ದತ್ತಾಂಶ ಗೌಪ್ಯತೆ ವಿಭಾಗ, ಲಂಡನ್‌ನಲ್ಲಿರುವ ಕನ್ನಡಿಗ):
ಇಲ್ಲಿನ ಒಂದು ಪ್ರಕರಣ ನಿಮಗೆ ಉಪಯೋಗವಾಗಬಹುದು. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವಾಲಯವು ಸ್ಥಳಾಂತರಕ್ಕೆ ಅರ್ಹರಾದ 245 ಆಫ್ಘನ್ನರಿಗೆ ಒಂದೇ ಮೇಲ್ ಕಳುಹಿಸುವಾಗ ವಿಳಾಸಗಳನ್ನು ಇತರರಿಗೆ ಕಾಣದ ‘ಬಿಸಿಸಿ’ಯ ಬದಲು ‘ಟು’ ಸಾಲಿನಲ್ಲಿ ಹಾಕಿತು. ತಾಲಿಬಾನ್ ಅಧಿಕಾರ ಹಿಡಿದಿದ್ದ ಹೊತ್ತಿನಲ್ಲಿ ಪ್ರತಿಯೊಬ್ಬರ ವಿಳಾಸವೂ ಉಳಿದವರಿಗೆಲ್ಲ ಕಂಡಿತು, ಹಲವರ ಭಾವಚಿತ್ರವೂ ಕಂಡಿತು. ವಿಳಾಸಗಳು ಸಚಿವಾಲಯದ ಹೊರಗಿನವಾದ್ದರಿಂದ ಉಳಿದ ದಾರಿ ಒಂದೇ ಆಗಿತ್ತು: ಮೇಲನ್ನು ಅಳಿಸಿ, ಹೊಸ ವಿಳಾಸ ಮಾಡಿಕೊಳ್ಳಿ ಎಂದು ಅವರನ್ನೇ ಕೇಳಿಕೊಳ್ಳುವುದು. ದತ್ತಾಂಶ ಸಂರಕ್ಷಣೆಯನ್ನು ನೋಡಿಕೊಳ್ಳುವ ಇಲ್ಲಿನ ಮಾಹಿತಿ ಆಯುಕ್ತರ ಕಚೇರಿ 2023ರ ಡಿಸೆಂಬರ್‌ನಲ್ಲಿ 3,50,000 ಪೌಂಡ್ ದಂಡ ವಿಧಿಸಿತು.

ಹೊರಗಿನ ಮೂವರಿಗೆ ಒಟ್ಟಾಗಿ ಬರೆಯಬೇಡಿ. ಒಬ್ಬೊಬ್ಬರಿಗೂ ಮೊದಲು ಫೋನ್ ಮಾಡಿ, ನಂತರ ಚಿಕ್ಕ ಮೇಲ್ ಕಳುಹಿಸಿ. ಅದಕ್ಕೆ ಮೂಲ ಕಡತ ಮತ್ತೆ ಅಂಟಿಕೊಂಡಿಲ್ಲ ಎಂದು ನೋಡಿಕೊಳ್ಳಿ. ಅಳಿಸಿದ್ದೇನೆ, ಟ್ರ್ಯಾಶ್‌ನಿಂದಲೂ ತೆಗೆದಿದ್ದೇನೆ, ಯಾರಿಗೂ ಕಳುಹಿಸಿಲ್ಲ ಎಂಬ ಮೂರು ಸಂಗತಿಗಳಿಗೆ ಲಿಖಿತ ಉತ್ತರ ಕೇಳಿ. ‘ತುರ್ತು’, ‘ಅತಿ ಗೋಪ್ಯ’ ಎಂದು ವಿಷಯದ ಸಾಲಿನಲ್ಲಿ ಬರೆದರೆ ಕುತೂಹಲವನ್ನು ನೀವೇ ಕೆರಳಿಸಿದಂತೆ. ‘ತಪ್ಪಿ ಬಂದ ಕಡತ, ದಯವಿಟ್ಟು ತೆರೆಯದೆ ಅಳಿಸಿ’ ಎಂದರೆ ಸಾಕು.

ಕೇಳಿದವರ ಮರುಪ್ರಶ್ನೆ:
ಎಲ್ಲರಿಗೂ ಧನ್ಯವಾದಗಳು. ಸಲಹೆಗಾರರು ಫೋನಿನಲ್ಲಿ ಸಿಕ್ಕರು, ಅಳಿಸಿರುವುದಾಗಿ ಬರೆದೂ ಕಳುಹಿಸಿದ್ದಾರೆ. ಗುತ್ತಿಗೆದಾರರ ಸಂಸ್ಥೆಗಳ ಐಟಿ ವಿಭಾಗದವರು ತಮ್ಮ ಕಡೆಯಿಂದ ಅಳಿಸಲು ಸಾಧ್ಯವೇ?

ಉತ್ತರ (ಐಟಿ ನಿರ್ವಹಣೆ, ಹುಬ್ಬಳ್ಳಿ):
ಸಾಧ್ಯ, ಆದರೆ ಅದು ಅವರ ಸೌಜನ್ಯ, ನಿಮ್ಮ ಹಕ್ಕಲ್ಲ. ಮೈಕ್ರೋಸಾಫ್ಟ್ 365 ಆದರೆ ನಿರ್ವಾಹಕರು ಮೇಲನ್ನು ಹುಡುಕಿ ಪೆಟ್ಟಿಗೆಗಳಿಂದ ತೆಗೆಸಬಹುದು. ಗೂಗಲ್ ವರ್ಕ್‌ಸ್ಪೇಸ್‌ನ ಮೇಲ್ದರ್ಜೆಯ ಆವೃತ್ತಿಗಳಲ್ಲೂ ಇದಕ್ಕೆ ಸಾಧನವಿದೆ. ಕಳುಹಿಸಿದವರ ವಿಳಾಸ, ವಿಷಯದ ಸಾಲು, ಸಮಯ, ಜೊತೆಗೆ ಹೆಡರ್‌ನಲ್ಲಿರುವ (ಮೇಲ್‌ನ ತಾಂತ್ರಿಕ ವಿವರಗಳ ಭಾಗ) ಮೆಸೇಜ್ ಐಡಿ, ಅಂದರೆ ಆ ಮೇಲ್‌ನ ಗುರುತಿನ ಸಂಖ್ಯೆ, ಕೊಟ್ಟು ವಿನಂತಿಸಿ. ‘ಸಾಫ್ಟ್ ಡಿಲೀಟ್’ ಮಾಡಿದರೆ ಬಳಕೆದಾರರು ಸಾಮಾನ್ಯವಾಗಿ 14 ದಿನಗಳವರೆಗೆ ಅದನ್ನು ಮರಳಿ ತರಬಹುದು, ಆದ್ದರಿಂದ ‘ಹಾರ್ಡ್ ಡಿಲೀಟ್’ ಎಂದೇ ಕೇಳಿ. ಅವರಲ್ಲಿ ಕಾನೂನು ಕಾರಣಕ್ಕೆ ಮೇಲ್‌ಗಳನ್ನು ಅಳಿಸಿಹೋಗದಂತೆ ಕಾದಿಟ್ಟಿದ್ದರೆ ಆಗಲೂ ಒಂದು ಪ್ರತಿ ಒಳಗೆ ಉಳಿಯುತ್ತದೆ.

ಮುಂದಿನ ತಿಂಗಳಿಂದ ಆಡಿಟರಿಗೆ ಕಡತವನ್ನು ಅಂಟಿಸದೆ ಒನ್‌ಡ್ರೈವ್‌ನಲ್ಲಿಟ್ಟು ಲಿಂಕ್ ಕಳುಹಿಸಿ, ಅದೂ ಅವರ ಹೆಸರಿಗೆ ಮಾತ್ರ ತೆರೆಯುವಂತೆ. ‘ಲಿಂಕ್ ಇರುವ ಯಾರಾದರೂ’ ಎಂಬುದನ್ನು ಆರಿಸಿದರೆ ಪ್ರಯೋಜನವಿಲ್ಲ. ಆ ಮೇಲ್ ಎಲ್ಲಿಗೆ ತಪ್ಪಿ ಹೋದರೂ ಬೇರೆಯವರಿಗೆ ಕಡತ ತೆರೆಯದು, ಆಡಿಟರ ಕೆಲಸ ಮುಗಿದ ದಿನ ಅವರ ಪ್ರವೇಶವನ್ನೂ ನೀವೇ ತೆಗೆಯಬಹುದು.