ಪದಚರ್ಚೆ: ‘ಗಿಲ್ಟಿ’ಗೆ ಕನ್ನಡದಲ್ಲಿ ಏನು? (ತುರ್ತು)

ಬಳಗದವರಿಗೆ ನಮಸ್ಕಾರ. ಉಚಿತ ಕಾನೂನು ನೆರವಿನ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತುವವರಿಗಾಗಿ ಬರೆದದ್ದು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ದೋಷಾರೋಪ ಓದಿ ಹೇಳಿದ ಮೇಲೆ ಆರೋಪಿ ‘ಪ್ಲೀಡ್ ಗಿಲ್ಟಿ’ ಮಾಡುವುದು, ಅಂದರೆ ‘ಹೌದು, ಮಾಡಿದ್ದೇನೆ’ ಎನ್ನುವುದು, ಒಂದು. ಮಗ ಜೈಲು ಸೇರಿದನೆಂದು ತಾಯಿ ಪಡುವ ‘ಗಿಲ್ಟ್’ ಇನ್ನೊಂದು. ಎರಡಕ್ಕೂ ‘ತಪ್ಪಿತಸ್ಥ’ ಹಾಕಿದ್ದೆ. ಓದಿದರೆ ತಾಯಿಯ ಮೇಲೂ ಕೇಸು ಇದೆ ಅನ್ನಿಸುತ್ತದೆ.
– ಅನುವಾದಕಿ, ಧಾರವಾಡ

‘ತಪ್ಪಿತಸ್ಥ’ ಕನ್ನಡವೇ ಅಲ್ಲ. ನಮ್ಮ ‘ತಪ್ಪು’ವಿಗೆ ಸಂಸ್ಕೃತದ ಬಾಲ. ‘ತಪ್ಪುಗಾರ’ ಎಂದು ಬರೆಯಿರಿ.
– ಶಿವಮೊಗ್ಗ

‘ಗಾರ’ ಬಂದದ್ದು ‘ಕಾರ’ದಿಂದ, ಅದೂ ಸಂಸ್ಕೃತವೇ. ಬಾಲ ಕತ್ತರಿಸುವವರು ಎಲ್ಲ ಬಾಲವನ್ನೂ ಕತ್ತರಿಸಲಿ. ಅದಕ್ಕಿಂತ ಬೇರು ನೋಡಿ. ‘ತಪ್ಪು’ ಎಂಬ ಕ್ರಿಯೆಗೆ ಮೊದಲ ಅರ್ಥ ಗುರಿ ಸೇರದಿರುವುದು: ದಾರಿ ತಪ್ಪಿತು, ಬಸ್ಸು ತಪ್ಪಿತು, ಲೆಕ್ಕ ತಪ್ಪಿತು. ಸಂಸ್ಕೃತದ ‘ಅಪರಾಧ್’ ಧಾತುವಿಗೂ ಗುರಿ ತಪ್ಪುವ ಅರ್ಥವಿದೆ. ಬಾಣ ಗುರಿ ಮುಟ್ಟದ ಬಿಲ್ಲುಗಾರನಿಗೆ ಅಮರಕೋಶ ‘ಅಪರಾದ್ಧಪೃಷತ್ಕ’ ಎನ್ನುತ್ತದೆ. ಹಾಗಾಗಿ ‘ಅಪರಾಧಿ’ ಎಂದರೂ ‘ತಪ್ಪು ಮಾಡಿದವ’ ಎಂದರೂ ಮೂಲದಲ್ಲಿ ಒಂದೇ. ಯಾವುದನ್ನಾದರೂ ಹಾಕಿ.
– ಮೈಸೂರು

ಯಾವುದನ್ನಾದರೂ ಹಾಕಲು ಆಗುವುದಿಲ್ಲ, ಸಾರ್. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಬೇರು ಒಂದೇ ಇರಬಹುದು, ಕಟಕಟೆಯಲ್ಲಿ ನಿಂತವನಿಗೆ ಎರಡೂ ಒಂದೇ ಅಲ್ಲ. ನಮ್ಮ ಜನ ‘ತಪ್ಪಾಯ್ತು’ ಎನ್ನುವುದು ಎಷ್ಟು ಸಂದರ್ಭಗಳಲ್ಲಿ ನೋಡಿ. ಜಗಳ ಮುಗಿಸಲು ಅನ್ನುತ್ತಾರೆ, ದೊಡ್ಡವರ ಸಿಟ್ಟು ಇಳಿಯಲೆಂದು ಅನ್ನುತ್ತಾರೆ, ದೇವರಿಗೆ ತಪ್ಪುಕಾಣಿಕೆ ಹಾಕುವಾಗ ಯಾವ ತಪ್ಪೆಂದು ಗೊತ್ತಿಲ್ಲದೆಯೂ ಅನ್ನುತ್ತಾರೆ. ಅಂಥವರು ನ್ಯಾಯಾಧೀಶರ ಮುಂದೆ ಕೈಮುಗಿದು ‘ತಪ್ಪಾಯ್ತು ಸ್ವಾಮಿ’ ಎಂದರೆ ಅದು ಕಳವು ಮಾಡಿದೆ ಎಂಬ ಒಪ್ಪಿಗೆಯಲ್ಲ. ಆದರೆ ಒಪ್ಪಿಗೆಯೆಂದೇ ದಾಖಲಾದರೆ ಒಬ್ಬ ಸಾಕ್ಷಿಯನ್ನೂ ವಿಚಾರಿಸದೆ ಶಿಕ್ಷೆ ಕೊಡಬಹುದು. ಸೆಷನ್ಸ್ ಕೋರ್ಟಿಗೆ ಈ ಅಧಿಕಾರ 1973ರ ದಂಡ ಪ್ರಕ್ರಿಯಾ ಸಂಹಿತೆಯ 229ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 252.

ಇನ್ನೊಂದು ಮಾತು. ‘ಹೊಡೆದದ್ದು ನಿಜ’ ಎಂದವನೆಲ್ಲ ಅಪರಾಧಿಯಲ್ಲ. ತನ್ನ ಜೀವ ಉಳಿಸಿಕೊಳ್ಳಲು ಹೊಡೆದಿದ್ದರೆ ಕಾನೂನು ಬಿಡುತ್ತದೆ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವೇ ಅಲ್ಲ. ಮನೆಯಲ್ಲಿ ಆ ಮಗುವಿಗೆ ‘ತಪ್ಪು ಮಾಡಿದೆ’ ಎಂದು ಬೈಯುತ್ತೇವೆ, ಅದೂ ಸರಿಯೇ.

ಆದ್ದರಿಂದ ಮೇಡಂ, ‘ತಪ್ಪು ಒಪ್ಪಿಕೊಳ್ಳುವುದು’ ಬೇಡ. ‘ಆರೋಪ ಒಪ್ಪಿಕೊಳ್ಳುವುದು’, ‘ಆರೋಪ ನಿರಾಕರಿಸಿ ವಿಚಾರಣೆ ಕೋರುವುದು’ ಎಂದು ಬರೆಯಿರಿ. ತೀರ್ಪಿನವರೆಗೆ ‘ಆರೋಪಿ’, ರುಜುವಾತಾದ ಮೇಲಷ್ಟೇ ‘ಅಪರಾಧಿ’. ಪತ್ರಿಕೆಗಳು ಈ ಗೆರೆಯನ್ನು ದಿನವೂ ಅಳಿಸುತ್ತಿವೆ, ನೀವಾದರೂ ಉಳಿಸಿ.
– ಹಾಸನ

ಆರೋಪ, ನಿರಾಕರಣೆ, ವಿಚಾರಣೆ. ಒಂದಾದರೂ ಕನ್ನಡ ಪದವಿದೆಯೇ? ಹಳ್ಳಿಯವರಿಗೆ ಬರೆಯುವ ಪುಸ್ತಕ ಇದು!
– ಶಿವಮೊಗ್ಗ

ವಕೀಲ, ಅರ್ಜಿ, ಜಾಮೀನು, ಖುಲಾಸೆ ಯಾವ ಹಳ್ಳಿಯವರಿಗೆ ಗೊತ್ತಿಲ್ಲ? ಎಲ್ಲವೂ ಅರಬ್ಬಿ ಮೂಲದವು, ಪಾರಸಿಯ ದಾರಿಯಲ್ಲಿ ಬಂದವು. ಪದದ ಊರು ಕೇಳುವ ಬದಲು ಜನರ ಬಾಯಲ್ಲಿ ಇದೆಯೇ ಎಂದು ಕೇಳಿ. ಇಲ್ಲಿಗೆ ಬಿಡಿ.

ತಾಯಿಯ ವಿಷಯ ಯಾರೂ ಎತ್ತಲಿಲ್ಲ. ‘ಪಾಪಪ್ರಜ್ಞೆ’ ಬೇಡ, ಆಕೆ ಪಾಪ ಮಾಡಿಲ್ಲ. ‘ಅಪರಾಧಿ ಪ್ರಜ್ಞೆ’ ಎಂದರೆ ಮತ್ತೆ ಕೋರ್ಟಿಗೇ ಎಳೆದಂತೆ. ‘ಅಳುಕು’ ಸಿಕ್ಕಿಬೀಳುವೆನೆಂಬ ಹೆದರಿಕೆ ಇರುವವರದು. ಆಕೆಯದು ‘ಕೊರಗು’.
– ಕಲಬುರಗಿ

ಎಲ್ಲರಿಗೂ ಧನ್ಯವಾದ. ‘ಆರೋಪ ಒಪ್ಪಿಕೊಳ್ಳುವುದು’ ಹಾಕಿದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ‘ನಿಮ್ಮ ವಕೀಲರನ್ನು ಕೇಳದೆ ತಪ್ಪಾಯ್ತು ಎನ್ನಬೇಡಿ’ ಎಂದೂ ಸೇರಿಸಿದೆ. ಕೊನೆಯ ಪುಟದಲ್ಲಿ ‘ನಾನು ಸರಿಯಾಗಿ ಬೆಳೆಸಲಿಲ್ಲವೇನೋ ಎಂಬ ಕೊರಗು’ ಎಂದಾಯಿತು. ಹಾಸನದ ಹಿರಿಯರಲ್ಲಿ ಇನ್ನೊಂದು: ವಿಚಾರಣೆಗೆ ಮೊದಲೇ ಕೈಬಿಡುವ ‘ಡಿಸ್ಚಾರ್ಜ್’ಗೂ ‘ಖುಲಾಸೆ’ ಅನ್ನಬಹುದೇ, ‘ಬಿಡುಗಡೆ’ ಸರಿಯೇ?
– ಧಾರವಾಡ