ಹಿಂದಿನ ಚಕ್ರದ ಹಿಂದೆ ಒಂದು ನಿಂಬೆಹಣ್ಣು: ಚಾಲನಾ ಪರೀಕ್ಷೆ ಕುರಿತು ಮೇಷ್ಟ್ರಿಗೆ ಪ್ರಶ್ನೆಗಳು

ತುಮಕೂರಿನವರ ನಮ್ಮ ಗುಂಪಿನಲ್ಲಿ ಈ ವಾರ ಉತ್ತರ ಕೊಡುತ್ತಿರುವವರು ಹದಿನೆಂಟು ವರ್ಷಗಳಿಂದ ಇದೇ ಊರಿನಲ್ಲಿ ಕಾರು ಕಲಿಸುತ್ತಿರುವವರು. ಗುಂಪಿಗೆಲ್ಲ ಅವರು ‘ಮೇಷ್ಟ್ರು’.

ಪ್ರಶ್ನೆ (ಎಸ್.ಎಸ್. ಪುರಂನ ಗೃಹಿಣಿ): ಮೇಷ್ಟ್ರೇ, ನಮಸ್ಕಾರ. ನನಗೆ 43 ವರ್ಷ. ಮಗಳನ್ನು ಪಾಠಕ್ಕೆ ಬಿಡಲು ದಿನಾ ಆಟೋ ಕಾಯುವುದು ಸಾಕಾಗಿ ಕಾರು ಕಲಿಯಲು ಸೇರಿದೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಬಟವಾಡಿಯಿಂದ ಕ್ಯಾತ್ಸಂದ್ರದವರೆಗೆ ಒಮ್ಮೆಯೂ ಗಾಡಿ ಆಫ್ ಆಗದಂತೆ ಓಡಿಸುತ್ತಿದ್ದೆ. ಕಳೆದ ವಾರ ಪರೀಕ್ಷೆಯಲ್ಲಿ ಏರಿನ ಮೇಲೆ ನಿಲ್ಲಿಸಿ ಹೊರಡಲು ಹೇಳಿದರು. ಎರಡು ಸಲ ಆಫ್ ಆಯಿತು, ಮೂರನೆಯ ಸಲ ಕಾರು ಹಿಂದಕ್ಕೆ ಜಾರಿತು. ನಪಾಸು. ‘ಭಯ ಬಿಡು, ಎಲ್ಲ ಸರಿಹೋಗುತ್ತದೆ’ ಎಂದು ಮನೆಯವರು ಹೇಳುತ್ತಾರೆ. ಭಯ ಬಿಡುವುದು ಹೇಗೆ?

ಉತ್ತರ: ಅಮ್ಮಾ, ಭಯದ ವಿಷಯ ಆಮೇಲೆ ನೋಡೋಣ. ಮೊದಲು ಒಂದು ಮಾತು ಕೇಳುತ್ತೇನೆ. ಬಟವಾಡಿಯಿಂದ ಕ್ಯಾತ್ಸಂದ್ರಕ್ಕೆ ಕಾರು ಓಡಿಸಿದ ಕಾಲು ಯಾರದು?

ಸಿಟ್ಟಾಗಬೇಡಿ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಎಡಗಡೆ ಕೂರುವವರ ಕಾಲ ಬಳಿಯೂ ಪೆಡಲ್‌ಗಳಿರುತ್ತವೆ. ಅದು ನಿಯಮವೇ, ಅಪಘಾತ ತಪ್ಪಿಸಲು ಇರಲೇಬೇಕು. ಆದರೆ ವರ್ಷಗಟ್ಟಲೆ ಅಲ್ಲಿ ಕುಳಿತವರ ಕಾಲಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಶಿಷ್ಯರು ಕ್ಲಚ್ ಬಿಡುವುದು ಸ್ವಲ್ಪ ಬಿರುಸಾಯಿತು ಎನ್ನಿಸಿದ ಕೂಡಲೇ ನಮ್ಮ ಕಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಹೋಗುತ್ತದೆ. ಗಾಡಿ ಆಫ್ ಆಗುವುದಿಲ್ಲ. ಶಿಷ್ಯರಿಗೆ ಖುಷಿ, ನಮಗೆ ಹಿಂದಿನವರ ಹಾರ್ನ್ ಕೇಳುವುದು ತಪ್ಪಿತು. ನಾನೂ ಎಷ್ಟೋ ವರ್ಷ ಹೀಗೆಯೇ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಪರೀಕ್ಷೆಯ ದಿನ ಆ ಸೀಟಿನಲ್ಲಿ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಕೂರುತ್ತಾರೆ. ಅವರ ಕಾಲು ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಅಂದು ನಿಮ್ಮ ಎಡಗಾಲು ಮೊದಲ ಸಲ ಒಂಟಿಯಾಗಿ ಕೆಲಸ ಮಾಡಿತು, ಅಷ್ಟೇ.

ಆದ್ದರಿಂದ ಮೊದಲ ಕೆಲಸ: ವಾಹನ ಸಂಚಾರವಿಲ್ಲದ ಬಡಾವಣೆಯ ಖಾಲಿ ರಸ್ತೆಯಲ್ಲಿ ನಿಮ್ಮ ಬೋಧಕರಿಗೆ ‘ಸರ್, ಕಾಲು ಹಿಂದಕ್ಕೆ ಎಳೆದುಕೊಳ್ಳಿ, ಆಫ್ ಆದರೆ ಆಗಲಿ’ ಎಂದು ಬಾಯಿಬಿಟ್ಟು ಹೇಳಿ. ಆ ದಿನ ಹತ್ತು ಸಲ ಆಫ್ ಆಗುತ್ತದೆ. ಆಗಬೇಕು.

ಎರಡನೆಯದು ಏರು. ಪರೀಕ್ಷೆಯಲ್ಲಿ ಏನೇನು ನೋಡಬೇಕು ಎಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮ ಪಟ್ಟಿ ಮಾಡಿದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಸ್ವಲ್ಪವೂ ಹಿಂದಕ್ಕೆ ಜಾರದಂತೆ ಹೊರಡುವುದು ಅದರಲ್ಲಿ ಒಂದು. ಇದನ್ನು ಕಲಿಸಲು ನಾನು ಒಂದು ನಿಂಬೆಹಣ್ಣು ಇಟ್ಟುಕೊಂಡಿರುತ್ತೇನೆ. ಹೊಸ ಗಾಡಿಗೆ ಪೂಜೆ ಮಾಡಿಸಿದವರು ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರಲ್ಲ, ನಮ್ಮದು ಅದಕ್ಕೆ ತಿರುಗಾಮುರುಗಾ. ಸಣ್ಣ ಏರಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಹಿಂದಿನ ಚಕ್ರದಿಂದ ಒಂದು ಗೇಣು ಹಿಂದೆ ಹಣ್ಣು ಇಡಿಸಿ. ಉರುಳಿಹೋಗದಂತೆ ಅದರ ಹಿಂದೊಂದು ಸಣ್ಣ ಕಲ್ಲು. ಇಟ್ಟವರು ಪಕ್ಕಕ್ಕೆ ಸರಿದ ಮೇಲಷ್ಟೇ ಮುಂದಿನ ಮಾತು.

ಕ್ಲಚ್ ಪೂರ್ತಿ ಒತ್ತಿ ಒಂದನೆಯ ಗೇರ್ ಹಾಕಿ. ಬಲಗಾಲಿನಲ್ಲಿ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ, ಎಂಜಿನ್ ಸಣ್ಣಗೆ ಗುಂಯ್‌ಗುಡಬೇಕು. ಈಗ ಹಿಮ್ಮಡಿಯನ್ನು ನೆಲಕ್ಕೆ ಊರಿ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಎಂಜಿನ್ನಿನ ಸ್ವರ ತಗ್ಗುತ್ತದೆ, ಬಾನೆಟ್ಟಿನ ಮೂತಿ ಸ್ವಲ್ಪ ಮೇಲೇಳುತ್ತದೆ, ಹಗ್ಗ ಕಟ್ಟಿದ ಹೋರಿ ಮುಂದಕ್ಕೆ ಜಗ್ಗುವ ಹಾಗೆ. ಅಲ್ಲೇ ಎಡಗಾಲನ್ನು ನಿಲ್ಲಿಸಿ, ಕದಲಿಸಬೇಡಿ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಹಿಂದೆಯೂ ಹೋಗುವುದಿಲ್ಲ, ಮುಂದೆಯೂ ಹೋಗುವುದಿಲ್ಲ, ನಿಂತಲ್ಲೇ ನಡುಗುತ್ತಿರುತ್ತದೆ. ನಿಮಗೆ ಬೇಕಾದದ್ದು ಆ ಎರಡು ಕ್ಷಣ. ಇನ್ನು ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ತಾನಾಗಿ ಏರುತ್ತದೆ. ಸ್ವರ ತಗ್ಗುವ ಮೊದಲೇ ಹ್ಯಾಂಡ್ ಬ್ರೇಕ್ ಇಳಿಸಿದಿರೋ, ನಿಂಬೆಹಣ್ಣು ಅಪ್ಪಚ್ಚಿ. ತಗ್ಗಿದ ಮೇಲೂ ಕ್ಲಚ್ ಬಿಡುತ್ತಲೇ ಹೋದಿರೋ, ಗಾಡಿ ಆಫ್. ನಿಮಗೆ ಆದದ್ದು ಈ ಎರಡೂ.

ಒಂದು ಗೇಣಿನ ಅಂತರದಲ್ಲಿ ಹಣ್ಣು ಉಳಿದ ಮೇಲೆ ನಾಲ್ಕು ಬೆರಳಿಗೆ ತನ್ನಿ. ದಪ್ಪ ಅಟ್ಟೆಯ ಚಪ್ಪಲಿ ಬೇಡ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಅಂಗಾಲಿಗೆ ತಿಳಿಯಬೇಕು. ಮತ್ತೆ, ಏರು ಎಂದ ಕೂಡಲೇ ದೇವರಾಯನದುರ್ಗದ ಕಡೆ ಗಾಡಿ ತಿರುಗಿಸುವವರಿದ್ದಾರೆ. ಭಾನುವಾರ ಆ ತಿರುವುಗಳಲ್ಲಿ ಹಿಂದೆ ಹತ್ತು ಗಾಡಿ, ಮುಂದೆ ಕೋತಿಗಳು. ಕಲಿಯುವವರಿಗೆ ಅದು ಜಾಗವಲ್ಲ.

ಪ್ರಶ್ನೆ (ಅವರೇ): ನೀವು ಹೇಳಿದ್ದು ಓದಿ ನಗು ಬಂತು, ಆಮೇಲೆ ಅಳುವೂ ಬಂತು. ಇನ್ನೆಷ್ಟು ದಿನಕ್ಕೆ ಮತ್ತೆ ಹೋಗಬಹುದು? ಎಲ್‌ಎಲ್‌ಆರ್ (ಕಲಿಯುವವರ ಪರವಾನಗಿ) ಮುಗಿಯಲು ಇನ್ನು ಎರಡು ತಿಂಗಳಿದೆ.

ಉತ್ತರ: ಒಮ್ಮೆ ನಪಾಸಾದರೆ 7 ದಿನ ಕಳೆದ ಮೇಲೆ ಮತ್ತೆ ಕೂರಬಹುದು. ಮೂರು ಸಲ ನಪಾಸಾದರೆ ಮಾತ್ರ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. 2019ರ ತಿದ್ದುಪಡಿಯ ಪ್ರಕಾರ ಮರುತರಬೇತಿಯನ್ನೂ ಪಡೆಯಬೇಕು. ಎಲ್‌ಎಲ್‌ಆರ್‌ನ ಆಯಸ್ಸು 6 ತಿಂಗಳು. ನಿಮಗೆ ಸಮಯ ಧಾರಾಳವಾಗಿದೆ. ಎಂಟನೆಯ ದಿನವೇ ಓಡಬೇಡಿ, ಹಣ್ಣು ಉಳಿಸಿಕೊಂಡು ಹೋಗಿ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಶಿರಾ ಗೇಟ್): ಸರ್, ನನ್ನದು ಬೈಕ್. ಪರೀಕ್ಷೆಗೆಂದು ಎಂಟು ಹಾಕುವಾಗ (8ರ ಆಕಾರದಲ್ಲಿ ಓಡಿಸುವಾಗ) ಪ್ರತಿ ಸಲವೂ ಎರಡನೆಯ ತಿರುವಿನಲ್ಲಿ ಕಾಲು ಊರುತ್ತೇನೆ. ಅಕ್ಕನ ಸ್ಕೂಟರ್‌ನಲ್ಲಿ ಪರೀಕ್ಷೆ ಕೊಟ್ಟುಬಿಡಲೇ? ಅದರಲ್ಲಿ ಸಲೀಸು.

ಉತ್ತರ: ಕೊಡಬಹುದು ತಮ್ಮಾ, ಆದರೆ ಗೇರ್ ಇಲ್ಲದ ಗಾಡಿಯ ಪರವಾನಗಿ ಮಾತ್ರ ಸಿಗುತ್ತದೆ. ಆಮೇಲೆ ಬೈಕ್ ಓಡಿಸಿದರೆ ಪರವಾನಗಿ ಇಲ್ಲದೆ ಓಡಿಸಿದ ಲೆಕ್ಕವೇ.

ನೀನು ಮುಂದಿನ ಚಕ್ರವನ್ನೇ ನೋಡುತ್ತಿದ್ದೀಯ ಎಂದು ಇಲ್ಲಿಂದಲೇ ಹೇಳಬಲ್ಲೆ. ಕಣ್ಣು ಎತ್ತ ಹೋಗುತ್ತದೋ ಗಾಡಿ ಅತ್ತ ಹೋಗುತ್ತದೆ. ಒಂದು ತಿರುವು ಮುಗಿಯುವ ಮೊದಲೇ ಮುಖ ಮುಂದಿನ ತಿರುವಿನ ಕಡೆ ಹೊರಳಿರಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬೇಡ, ಗಾಡಿ ಅಲ್ಲೇ ಮಗ್ಗುಲಾಗುತ್ತದೆ. ಒಂದನೆಯ ಗೇರ್, ಹಾಫ್ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಕಾಲು ಹಗುರವಾಗಿರಲಿ. ಮನೆಯ ಮುಂದೆ ರಂಗೋಲಿ ಪುಡಿಯಲ್ಲಿ ದೊಡ್ಡದೊಂದು ಎಂಟು ಬರೆದು ಮೊದಲು ನಡೆದು ನೋಡು, ಅಮ್ಮ ಬೈದರೆ ನನ್ನ ಹೆಸರು ಹೇಳು. ಕೈಸನ್ನೆಗಳನ್ನೂ ಕೇಳುತ್ತಾರೆ: ಬಲಕ್ಕೆ ತಿರುಗುವುದಾದರೆ ಅಂಗೈ ಮುಂದಕ್ಕೆ ಮಾಡಿ ಬಲಗೈಯನ್ನು ನೇರ ಚಾಚಬೇಕು, ನಿಧಾನಿಸುವುದಾದರೆ ಅಂಗೈ ಕೆಳಗೆ ಮಾಡಿ ಬಲಗೈಯನ್ನು ಮೇಲೆ ಕೆಳಗೆ ಆಡಿಸಬೇಕು. ಹಾಂ, ಎಲ್‌ಎಲ್‌ಆರ್ ಇಟ್ಟುಕೊಂಡು ಸ್ನೇಹಿತನನ್ನು ಹಿಂದೆ ಕೂರಿಸಿ ಅಮಾನಿಕೆರೆ ಸುತ್ತುವುದು ನಿಯಮಕ್ಕೆ ವಿರುದ್ಧ. ಹಿಂದೆ ಕೂರುವುದಾದರೆ ಪರವಾನಗಿ ಇದ್ದು ಕಲಿಸುವವರು ಮಾತ್ರ.

ಪ್ರಶ್ನೆ (ಗುಬ್ಬಿ ತಾಲ್ಲೂಕಿನ ರೈತ): ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ್ದೇನೆ, ತೆಂಗಿನಕಾಯಿ ಲೋಡು ಸಮೇತ ಟ್ರೈಲರನ್ನು ಓಣಿಯೊಳಗೆ ರಿವರ್ಸ್ ಹಾಕುತ್ತೇನೆ. ಕಾರಿನ ಪರೀಕ್ಷೆಯಲ್ಲಿ ‘ಕನ್ನಡಿ ನೋಡುವುದಿಲ್ಲ’ ಎಂದು ವಾಪಸ್ ಕಳುಹಿಸಿದರು. ಇದು ನ್ಯಾಯವೇ?

ಉತ್ತರ: ನ್ಯಾಯವೇ ಅಣ್ಣಾ. ನಿಮ್ಮಂಥವರಿಗೆ ಗಾಡಿ ಓಡಿಸಲು ಕಲಿಸುವ ಯೋಗ್ಯತೆ ನನಗಿಲ್ಲ. ಆ ಟ್ರೈಲರ್ ರಿವರ್ಸ್ ನನ್ನಿಂದಾಗದು. ಆದರೆ ಟ್ರ್ಯಾಕ್ಟರಿನ ಮೇಲೆ ನೀವು ಇಡೀ ಮೈ ಹೊರಳಿಸಿ ಹಿಂದೆ ನೋಡುತ್ತೀರಿ. ಕಾರಿನೊಳಗೆ ಮೈ ಹೊರಳುವುದಿಲ್ಲ, ಹಾಗಾಗಿ ನೋಡುವುದೇ ನಿಂತುಹೋಗುತ್ತದೆ. ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಕೊನೆಗೆ ಸ್ಟೀರಿಂಗ್. ಕಣ್ಣಷ್ಟೇ ಅಲ್ಲ, ಕತ್ತೂ ಸ್ವಲ್ಪ ತಿರುಗಲಿ. ನೀವು ನೋಡಿದ್ದು ಪಕ್ಕದಲ್ಲಿದ್ದವರಿಗೆ ಕಾಣಬೇಕು. ಇನ್ನೊಂದು: ಟ್ರ್ಯಾಕ್ಟರಿನಲ್ಲಿ ಬಲಗಾಲಿಗೆ ಎರಡು ಬ್ರೇಕ್ ಪೆಡಲ್, ಆಕ್ಸಿಲರೇಟರ್ ಹೆಚ್ಚಾಗಿ ಕೈಯಲ್ಲಿ. ಕಾರಿನಲ್ಲಿ ಆ ಎರಡನೆಯ ಪೆಡಲ್ ಇರುವ ಜಾಗದಲ್ಲೇ ಆಕ್ಸಿಲರೇಟರ್ ಇದೆ. ಗಾಬರಿಯಾದಾಗ ಕಾಲು ಹಳೆಯ ಅಭ್ಯಾಸಕ್ಕೆ ಹೋಗುತ್ತದೆ. ಒಂದು ವಾರ ಖಾಲಿ ಮೈದಾನದಲ್ಲಿ ಬ್ರೇಕ್ ಮಾತ್ರ ಅಭ್ಯಾಸ ಮಾಡಿ.

ಪ್ರಶ್ನೆ (ಮರಳೂರು): ಮೇಷ್ಟ್ರೇ, ಸ್ಲಾಟ್ ಶುಕ್ರವಾರ ಹನ್ನೊಂದಕ್ಕೆ ಸಿಕ್ಕಿದೆ. ರಾಹುಕಾಲ, ಬೇಡ ಎಂದು ಅಜ್ಜಿ ಹಟ ಹಿಡಿದಿದ್ದಾರೆ.

ಉತ್ತರ: ಹತ್ತೂಕಾಲಿಗೇ ಮೈದಾನ ಸೇರಿಕೊಳ್ಳಿ. ಮೊದಲೇ ಹೊರಟಿದ್ದೀರಿ ಎಂದು ಅಜ್ಜಿಗೂ ಸಮಾಧಾನ, ನಾಲ್ಕು ಜನ ಓಡಿಸುವುದನ್ನು ನೋಡಿದರೆ ನಿಮಗೂ ಪಥದ ಪರಿಚಯ.

ಪ್ರಶ್ನೆ (ಕುಣಿಗಲ್ ರಸ್ತೆ): ಡ್ರೈವಿಂಗ್ ಶಾಲೆಗೆ ಸೇರಲೇಬೇಕೇ? ನಮ್ಮ ಮಾವ ಹದಿನೈದು ದಿನದಲ್ಲಿ ಕಲಿಸುತ್ತೇನೆ ಎನ್ನುತ್ತಾರೆ.

ಉತ್ತರ: ಸ್ವಂತ ಬಳಕೆಯ ಕಾರಿನ ಪರವಾನಗಿಗೆ ಶಾಲೆ ಕಡ್ಡಾಯವಲ್ಲ. ಹೊಟ್ಟೆಪಾಡಿನವನಾದ ನಾನು ಇದನ್ನು ಹೇಳಬಾರದಿತ್ತು! ಆದರೆ ಶಾಲೆಗಳಿಗೆ ನಿಯಮ ವಿಧಿಸಿರುವುದು ಕನಿಷ್ಠ 21 ದಿನ, 10 ಗಂಟೆಯ ಚಾಲನೆ. ಮಾವ ದಿನಕ್ಕೆಷ್ಟು ಹೊತ್ತು ಕೊಡುತ್ತಾರೆ, ಬೈಯದೆ ಕೊಡುತ್ತಾರೆಯೇ, ಲೆಕ್ಕ ಹಾಕಿ. ಅವರಿಗೆ ಪರವಾನಗಿ ಇರಬೇಕು, ಪಕ್ಕದಲ್ಲೇ ಕೂರಬೇಕು. ಕಾರಿನ ಮುಂದೆ ಹಿಂದೆ ಎರಡೂ ಕಡೆ ಬಿಳಿಯ ಮೇಲೆ ಕೆಂಪು ‘ಎಲ್’ ಫಲಕ, 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಾಗಬಾರದು. ನೋಟ್‌ಪುಸ್ತಕದ ಹಾಳೆಯಲ್ಲಿ ಪೆನ್ನಿನಿಂದ ಬರೆದು ಅಂಟಿಸಿದ್ದನ್ನೂ ಈ ಊರಿನಲ್ಲಿ ನೋಡಿದ್ದೇನೆ.

(ಹನ್ನೆರಡು ದಿನಗಳ ನಂತರ, ಎಸ್.ಎಸ್. ಪುರಂನ ಅದೇ ಗೃಹಿಣಿ): ಮೇಷ್ಟ್ರೇ, ಏಳು ನಿಂಬೆಹಣ್ಣು ಅಪ್ಪಚ್ಚಿಯಾದವು. ನಿನ್ನೆ ಎಂಟನೆಯದು ನಾಲ್ಕು ಬೆರಳಿನ ಅಂತರದಲ್ಲಿ ಮೂರು ಸಲವೂ ಉಳಿಯಿತು. ಮಂಗಳವಾರಕ್ಕೆ ಸ್ಲಾಟ್ ತೆಗೆದುಕೊಂಡಿದ್ದೇನೆ.

ಉತ್ತರ: ಭೇಷ್. ಕಾರಿನ ಆರ್‌ಸಿ (ನೋಂದಣಿ ಪತ್ರ), ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ನಿಮ್ಮ ಎಲ್‌ಎಲ್‌ಆರ್ ಎಲ್ಲವನ್ನೂ ಸೋಮವಾರ ರಾತ್ರಿಯೇ ಒಂದು ಕವರಿಗೆ ಹಾಕಿಡಿ. ವಿಮೆಯ ದಿನಾಂಕ ಮುಗಿದಿಲ್ಲವೇ ನೋಡಿ. ಕೂತ ಕೂಡಲೇ ಸೀಟು, ಕನ್ನಡಿ, ಬೆಲ್ಟ್ ಸರಿಮಾಡಿಕೊಳ್ಳಿ, ಅವರು ಹೇಳುವವರೆಗೆ ಕಾಯಬೇಡಿ. ಅಂದ ಹಾಗೆ, ಆ ಮೂರು ಸಲವೂ ಪಕ್ಕದಲ್ಲಿ ಕುಳಿತವರ ಕಾಲು ಎಲ್ಲಿತ್ತು?

(ಅವರೇ): ಪಕ್ಕದಲ್ಲಿದ್ದವರು ನಮ್ಮ ಮನೆಯವರು, ಕಾರು ನಮ್ಮದೇ. ಅದರಲ್ಲಿ ಆ ಕಡೆ ಪೆಡಲ್ ಇಲ್ಲ. ಪಾಪ, ಅವರು ಮಾತ್ರ ಮೂರು ಸಲವೂ ನೆಲವನ್ನು ಒತ್ತಿ ಹಿಡಿದಿದ್ದರು.